ದೇವಾಲದ ಚಿನ್ನ: ಷೇರುಪೇಟೆಯಲ್ಲಿ ಉಕ್ಕಿ, ಬೆಟ್ಟದಲ್ಲಿ ಬತ್ತಿದ ಗಣಿಗಳು

ಬಂಡೀಪುರ, ಮುದುಮಲೈ ದಾಟಿ ಗೂಡಲೂರು ತಲುಪಿದವರಲ್ಲಿ ಹೆಚ್ಚಿನವರು ಎಡಕ್ಕೆ ತಿರುಗಿ ಊಟಿ ಘಾಟಿ ಹತ್ತುತ್ತಾರೆ. ಹಾಗೆ ತಿರುಗದೆ ಪಶ್ಚಿಮದ ದಾರಿ ಹಿಡಿದರೆ ನಾಡುಗಾಣಿ, ಆಮೇಲೆ ದೇವಾಲ, ಪಂದಲೂರು, ಚೇರಂಬಾಡಿ ಸಿಗುತ್ತವೆ. ಎಲ್ಲಾ ಕಡೆ ಟೀ ತೋಟ, ಮಧ್ಯೆ ಮಧ್ಯೆ ಕಾಡು. ಈ ಗುಡ್ಡಗಳ ಹೊಟ್ಟೆಯಲ್ಲಿ ಚಿನ್ನಕ್ಕಾಗಿ ಕೊರೆದ ಹಳೆಯ ಸುರಂಗಗಳಿವೆ. ಕೆಲವು ಅಡ್ಡಕ್ಕೆ ಒಳಹೋಗುತ್ತವೆ, ಕೆಲವು ಬಾವಿಯ ಹಾಗೆ ನೇರ ಕೆಳಗಿಳಿಯುತ್ತವೆ. ಬಾಯಿಗೆ ಪೊದೆ ಬೆಳೆದಿರುವುದರಿಂದ ಹತ್ತಿರ ಹೋಗುವ ತನಕ ಗೊತ್ತೇ ಆಗುವುದಿಲ್ಲ.

ಇವುಗಳನ್ನು ತೋಡಿದ ಅಬ್ಬರ ನಡೆದದ್ದು ಮುಖ್ಯವಾಗಿ 1880ರ ಆಚೀಚೆಯ ಎರಡು ಮೂರು ವರ್ಷಗಳಲ್ಲಿ. ಅಷ್ಟು ಬೇಗ ಶುರುವಾಗಿ, ಅಷ್ಟೇ ಬೇಗ ಮುಗಿದದ್ದು ಯಾಕೆ? ಅದಕ್ಕೆ ಉತ್ತರ ಬೆಟ್ಟಕ್ಕಿಂತ ಜಾಸ್ತಿ ಲಂಡನ್ನಿನ ಷೇರುಪೇಟೆಯಲ್ಲಿದೆ.

ಇಲ್ಲಿ ಚಿನ್ನ ಇದ್ದದ್ದಂತೂ ಸುಳ್ಳಲ್ಲ. ಇಲ್ಲಿನ ಆದಿವಾಸಿಗಳಾದ ಕುರುಂಬರು, ಪಣಿಯರು ಹಳ್ಳಗಳ ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. ಬೆಣಚುಕಲ್ಲಿನ ಪಟ್ಟಿಗಳನ್ನೇ ಹಿಂಬಾಲಿಸಿ ಗುಂಡಿ ತೋಡಿದ ಗುರುತುಗಳೂ ಇದ್ದವು. 1830ರ ದಶಕದ ಆರಂಭದಲ್ಲೇ ಕಂಪನಿ ಸರ್ಕಾರ ಒಮ್ಮೆ ಹುಡುಕಿಸಿ, ಗಿಟ್ಟುವುದಿಲ್ಲ ಎಂದು ಕೈಬಿಟ್ಟಿತ್ತು. ಆಮೇಲೆ ಬಂದದ್ದು ಕಾಫಿ. ಬೆಟ್ಟ ಕಡಿದು ತೋಟ ಎಬ್ಬಿಸಿದ ಬಿಳಿಯ ಪ್ಲಾಂಟರ್‌ಗಳಿಗೆ ಮೊದಲು ಕಾಂಡ ಕೊರೆಯುವ ಹುಳ ಕಾಡಿತು, ಹಿಂದೆಯೇ ಎಲೆ ತುಕ್ಕುರೋಗ ವಕ್ಕರಿಸಿತು. ಸಾಲದಲ್ಲಿ ಮುಳುಗಿದವನಿಗೆ ತೋಟದ ಕೆಳಗೆ ಚಿನ್ನವಿದೆ ಎಂದರೆ ಬೇಡ ಅನ್ನುತ್ತಾನಾ?

1874ರಲ್ಲಿ ಆಲ್ಫಾ ಎಂಬ ಕಂಪನಿ ದೇವಾಲದ ಬಳಿ ಕೆಲಸ ಶುರು ಮಾಡಿತು. ಅದೇ ಸಮಯಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಬಂದು ಪರೀಕ್ಷಿಸಿ, ಭರವಸೆಯ ಮಾತನ್ನೇ ಬರೆದರು. ಆದರೆ ಅಬ್ಬರ ಎಬ್ಬಿಸಿದ್ದು ಇನ್ನೊಬ್ಬರು, ಆಸ್ಟ್ರೇಲಿಯಾದ ರಾಬರ್ಟ್ ಬ್ರೋ ಸ್ಮಿತ್. ವಿಕ್ಟೋರಿಯಾದ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ಇವರು ಕೈಕೆಳಗಿನವರನ್ನು ಕಾಡುತ್ತಾರೆಂಬ ದೂರಿನ ವಿಚಾರಣೆಯ ನಂತರ 1876ರಲ್ಲಿ ಹುದ್ದೆ ಬಿಟ್ಟಿದ್ದರು. ಇಲ್ಲಿಗೆ ಬಂದು 1880ರಲ್ಲಿ ವಯನಾಡಿನ ಆಗ್ನೇಯ ಭಾಗದ, ಅಂದರೆ ಇದೇ ಗುಡ್ಡಗಳ, ಚಿನ್ನದ ಬಗ್ಗೆ ವರದಿ ಕೊಟ್ಟರು. ವರದಿ ಬಹಳ ಉತ್ಸಾಹದ್ದು. ಚಿನ್ನದ ನಾಡಿನಿಂದ ಬಂದ ತಜ್ಞ ಹೇಳಿದ ಮೇಲೆ ಲಂಡನ್ನಿನವರಿಗೆ ಇನ್ನೇನು ಬೇಕು?

ನೋಡ ನೋಡುತ್ತಿದ್ದ ಹಾಗೆ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ಕಾಗದದ ಮೇಲಿನ ಬಂಡವಾಳ ಲಕ್ಷಾಂತರ ಪೌಂಡು. ಇದರಲ್ಲಿ ದೊಡ್ಡ ಪಾಲು ನೆಲಕ್ಕೆ ಇಳಿಯಲೇ ಇಲ್ಲ. ಹಾಳುಬಿದ್ದ ಕಾಫಿ ತೋಟಗಳನ್ನು ಬಾಯಿಗೆ ಬಂದ ಬೆಲೆಗೆ ಕೊಳ್ಳುವುದರಲ್ಲೇ ಹಣ ಹೋಯಿತು. ಕಂಪನಿ ಹುಟ್ಟುಹಾಕಿದವರು ತಮ್ಮ ಲಾಭವನ್ನು ಮೊದಲೇ ಎತ್ತಿಟ್ಟುಕೊಂಡಿದ್ದರು. ನನ್ನ ಮಟ್ಟಿಗೆ ಇದನ್ನು ಗಣಿಗಾರಿಕೆ ಎನ್ನುವುದಕ್ಕಿಂತ ಜಮೀನು ವ್ಯಾಪಾರ ಎನ್ನುವುದೇ ಸರಿ. ಉಳಿದ ಹಣದಲ್ಲಿ ಕಲ್ಲು ಕುಟ್ಟುವ ಭಾರೀ ಯಂತ್ರಗಳನ್ನು ತರಿಸಿ, ಮಲಬಾರ್ ಕರಾವಳಿಯಿಂದ ಘಾಟಿ ಹತ್ತಿಸಿದರು. ಅಲ್ಲಿನ ಮಳೆ ಗೊತ್ತಲ್ಲ, ದೇವಾಲ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಜೊತೆಗೆ ಮಲೇರಿಯಾ.

ಇಷ್ಟೆಲ್ಲ ಮಾಡಿ ಕುಟ್ಟಿದರೆ ಚಿನ್ನ ಬರಲಿಲ್ಲ. ಕಾರಣ ಕಲ್ಲಿನಲ್ಲೇ ಇತ್ತು. ಮೇಲ್ಪದರದ ಬೆಣಚುಕಲ್ಲು ಸಾವಿರಾರು ವರ್ಷ ಮಳೆಗೆ ನೆನೆದು ಕೊಳೆತಿರುತ್ತದೆ. ಅದರೊಳಗಿನ ಗಂಧಕದ ಖನಿಜ ಕರಗಿ ಹೋಗಿ, ಚಿನ್ನ ಬಿಡಿ ಕಣಗಳಾಗಿ ಉಳಿಯುತ್ತದೆ. ಅಂಥ ಕಲ್ಲನ್ನು ಪುಡಿ ಮಾಡಿ ಪಾದರಸ ಹಾಕಿದರೆ ಚಿನ್ನ ಸುಲಭವಾಗಿ ಅಂಟಿಕೊಳ್ಳುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ ಹೋದರೆ ಕಥೆ ಬೇರೆ. ಅಲ್ಲಿ ಚಿನ್ನ ಪೈರೈಟ್ ಎಂಬ ಖನಿಜದೊಳಗೆ ಸಿಕ್ಕಿಕೊಂಡಿರುತ್ತದೆ, ಪಾದರಸಕ್ಕೆ ಸಿಗುವುದಿಲ್ಲ. ಅದನ್ನು ಕರಗಿಸಿ ತೆಗೆಯುವ ಸಯನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಅಷ್ಟೊತ್ತಿಗೆ ಇಲ್ಲಿನ ಬಹುತೇಕ ಕಂಪನಿಗಳು ಮುಚ್ಚಿದ್ದವು. ಅಲ್ಲದೆ ಚಿನ್ನ ಒಂದೇ ಸಮನೆ ಹರಡಿರಲಿಲ್ಲ. ಒಂದು ಕಡೆಯ ಒಳ್ಳೆ ತುಂಡು ನೋಡಿ ಇಡೀ ಗುಡ್ಡಕ್ಕೆ ಲೆಕ್ಕ ಹಾಕಿದ್ದೇ ಎಡವಟ್ಟು.

ಇದೇ ಹೊತ್ತಿನಲ್ಲಿ ಕೋಲಾರದಲ್ಲೂ ಇಂಥದ್ದೇ ಆಟ ನಡೆದಿತ್ತು. ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ ಪಡೆದಿದ್ದ ಹಕ್ಕು ಕೈ ಬದಲಾಯಿಸಿ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಅಲ್ಲೂ ಕೆಲವೇ ವರ್ಷಗಳಲ್ಲಿ ಹಣ ಬಹುತೇಕ ಖಾಲಿಯಾಗಿ, ಷೇರುದಾರರು ಅಂಗಡಿ ಮುಚ್ಚೋಣ ಎನ್ನುವ ಮಟ್ಟಕ್ಕೆ ಬಂದಿದ್ದರು. ಪ್ಲಮರ್ ಎಂಬ ಗಣಿ ಅಧಿಕಾರಿ ಹಳೆಯ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಹೋಗೋಣ ಎಂದು ಹಠ ಹಿಡಿದರು. ಚಾಂಪಿಯನ್ ಎಂದು ಹೆಸರಾದ, ಚಿನ್ನ ತುಂಬಿದ ಬೆಣಚುಕಲ್ಲಿನ ಪಟ್ಟಿ ಸಿಕ್ಕಿತು. ಆ ಗಣಿ 2001ರ ಫೆಬ್ರವರಿ 28ರ ತನಕ ನಡೆಯಿತು. ದೇವಾಲದವರು ಆಳಕ್ಕೆ ಹೋಗಿದ್ದರೆ ಅಲ್ಲೂ ಸಿಗುತ್ತಿತ್ತೇನೋ ಎಂದು ಈಗಲೂ ಹೇಳುವವರಿದ್ದಾರೆ. ಆದರೆ ಸರ್ವೇಕ್ಷಣೆಯ ಹೇಡನ್ ಮತ್ತು ಹ್ಯಾಚ್ ಮತ್ತೆ ಪರೀಕ್ಷೆ ಮಾಡಿ 1901ರಲ್ಲಿ ಕೊಟ್ಟ ವರದಿ, ಲಾಭ ಬರುವಂಥ ಗಣಿಯ ಆಸೆಗೆ ತಣ್ಣೀರೆರಚಿತು.

ಆಮೇಲೆ ಟೀ ಬಂತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಬಂದ ತಮಿಳರಿಗೆ ಕೆಲಸ ಕೊಡಲು ಸರ್ಕಾರವೇ ಇಲ್ಲಿ ಟೀ ತೋಟ ಮಾಡಿತು. ಕೂಲಿ ಕಮ್ಮಿ, ಮನೆಯಲ್ಲಿ ಬಾಯಿಗಳು ಜಾಸ್ತಿ. ಹಾಗಾಗಿ ಹಳೆಯ ಸುರಂಗಗಳಿಗೆ ಕದ್ದು ಇಳಿದು ಕಲ್ಲು ತಂದು, ಪುಡಿ ಮಾಡಿ, ಪಾದರಸದಲ್ಲಿ ಕಣ ಕೂಡಿಸಿ ಮಾರುವ ದಂಧೆ ಬೆಳೆಯಿತು. ಇಂಗ್ಲೆಂಡಿನ ಕಂಪನಿಗೆ ಸಾಲದ ಚಿನ್ನ, ದಿನಗೂಲಿಯವನಿಗೆ ಸಾಲುತ್ತದೆ! ಮಣ್ಣು ಕುಸಿದು, ಉಸಿರಾಡಲು ಗಾಳಿಯಿಲ್ಲದೆ ಸತ್ತವರೂ ಇದ್ದಾರೆ. ಪೊಲೀಸರು ಹಿಡಿಯುತ್ತಾರೆ, ಸುರಂಗದ ಬಾಯಿ ಮುಚ್ಚುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ತೆರೆದುಕೊಳ್ಳುತ್ತದೆ. ಸುಮ್ನೆ ನೋಡಿ ಬರೋಣ ಎಂದು ಒಳಗೆ ಹೋಗುವವರಿಗೂ ಇದೇ ಅಪಾಯ. ನೀರು ನಿಂತ ಸುರಂಗದಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಅದು ವಾಸನೆಯಿಂದ ತಿಳಿಯುವುದಿಲ್ಲ. ಒಳದಾರಿಯ ಮಧ್ಯದಲ್ಲೇ ಕೆಳಗಿಳಿಯುವ ಬಾವಿ ಇರಬಹುದು.

ಶಾಶ್ವತವಾಗಿ ಮುಚ್ಚಬಾರದಾ ಎಂದು ಯಾರಾದರೂ ಕೇಳುತ್ತಾರೆ, ಅಲ್ವಾ? ಮುಚ್ಚಬೇಕಾದವರು ಯಾರು ಎಂಬುದೇ ತೊಡಕು. ತೋಡಿದ ಕಂಪನಿಗಳು ಎಂದೋ ಮುಳುಗಿವೆ. ಸುತ್ತಲಿನ ಬಹಳಷ್ಟು ಜಮೀನು ನಿಲಂಬೂರು ಕೋವಿಲಗಂ ಎಂಬ ಕೇರಳದ ಅರಸು ಮನೆತನದ ಜನ್ಮಂ ಭೂಮಿ, ಅಂದರೆ ವಂಶಪಾರಂಪರ್ಯದ ಒಡೆತನದ್ದು, ಆಗಿತ್ತು. ಅದನ್ನು ಸರ್ಕಾರಕ್ಕೆ ತೆಗೆದುಕೊಳ್ಳಲು 1969ರಲ್ಲಿ ಮಾಡಿದ ಕಾಯ್ದೆ ದಶಕಗಟ್ಟಲೆ ಕೋರ್ಟಿನಲ್ಲಿ ಅಲೆಯಿತು. ಕೆಲವು ಕಾಯ್ದೆಗಳಿಗೆ ಕೋರ್ಟಿನಿಂದ ರಕ್ಷಣೆ ಕೊಡಲು ಮಾಡಿದ ಪಟ್ಟಿಯಾದ ಸಂವಿಧಾನದ ಒಂಬತ್ತನೇ ಅನುಸೂಚಿಯ ಬಗ್ಗೆ 2007ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೊಟ್ಟ ಪ್ರಸಿದ್ಧ ತೀರ್ಪು ಹುಟ್ಟಿದ್ದೂ ಇದೇ ಕಾಯ್ದೆಯಿಂದ. ಚಿನ್ನದ ದಿನಗಳ ಒಂದು ಕಂಪನಿಯ ಹೆಸರಿನಲ್ಲಿದ್ದ ಗ್ಲೆನ್‌ರಾಕ್, ಪಂದಲೂರಿನ ಎಸ್ಟೇಟ್ ಹೆಸರಾಗಿ 2010ರಲ್ಲಿ ಅದೇ ವಿಷಯಕ್ಕೆ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಬಂತು. ಕಾಯ್ದೆ ಉಳಿಯಿತು. ಆದರೆ ತೋಟಕ್ಕೆಂದು ಗುತ್ತಿಗೆ ಕೊಟ್ಟಿದ್ದ, ಅದರ ಹದಿನೇಳನೇ ಸೆಕ್ಷನ್‌ಗೆ ಸೇರಿದ ಜಮೀನಿನಲ್ಲಿ ತಲೆಮಾರುಗಳಿಂದ ಕೂತ ಸಣ್ಣ ಕುಟುಂಬಗಳ ಪಟ್ಟಾ, ಕರೆಂಟು ಸಂಪರ್ಕದ ಗೋಳು ಮುಂದುವರಿದೇ ಇತ್ತು.