ಅಂಚು ಸಮವಿಲ್ಲದ ಬಟ್ಟಲನ್ನು ತಿಗರಿಯ ಮೇಲೆ ಹೆರೆಯುವ ಬಗೆ

ಅರೆ ಒಣಗಿದ ದುಂಡಗಿನ ಮಣ್ಣಿನ ಬಟ್ಟಲನ್ನು, ಬುಡದ ಹೆಚ್ಚಿನ ಮಣ್ಣು ಹೆರೆಯಲೆಂದು, ತಿಗರಿಯ (ಕುಂಬಾರನ ಚಕ್ರದ) ಮೇಲೆ ಬೋರಲು ಹಾಕಿದರೆ ಅಂಚು ಸಮತಟ್ಟಾಗಿರುವುದರಿಂದ ಅದು ಅಲುಗದೆ ಕೂರುತ್ತದೆ. ಅಂಚು ವೃತ್ತಾಕಾರವಾಗಿರುವುದರಿಂದ ಕೇಂದ್ರವೂ ಸುಲಭವಾಗಿ ಸಿಗುತ್ತದೆ. ಅಂಚನ್ನು ಅಲೆಯಂತೆ ಕತ್ತರಿಸಿದರೆ, ಎರಡು ಬದಿಯಿಂದ ಒತ್ತಿ ಅಂಡಾಕಾರ ಮಾಡಿದರೆ, ಅಥವಾ ಬೆರಳಿನಿಂದ ಹಿಂಡಿ ದಳಗಳನ್ನು ಮೂಡಿಸಿದರೆ ಈ ಅನುಕೂಲಗಳಲ್ಲಿ ಒಂದಾದರೂ, ಅನೇಕ ಸಲ ಎರಡೂ, ಕೈತಪ್ಪುತ್ತವೆ. ಆದರೆ ಬಾಯಿ ಎಷ್ಟೇ ಸೊಟ್ಟಗಾದರೂ ಬುಡದ ಹತ್ತಿರದ ಭಾಗ ಸಾಮಾನ್ಯವಾಗಿ ತಿಗರಿ ಕೊಟ್ಟ ದುಂಡನ್ನು ಉಳಿಸಿಕೊಂಡಿರುತ್ತದೆ. ಇಂಥ ಬಟ್ಟಲನ್ನು ಹೆರೆಯುವ ಕೆಲಸವೆಲ್ಲ ಆ ಉಳಿದ ದುಂಡನ್ನು ಹುಡುಕಿಕೊಳ್ಳುವುದರ ಮೇಲೆ ನಿಂತಿದೆ.

ಹುಡುಕಾಟವನ್ನು ಹಗುರ ಮಾಡುವ ಒಂದು ಉಪಾಯವನ್ನು ತಿಗರಿಯ ಮೇಲೆ ಬಟ್ಟಲನ್ನು ರೂಪಿಸುವಾಗಲೇ ಮಾಡಿಟ್ಟುಕೊಳ್ಳಬಹುದು. ಆಕಾರ ಕೆಡಿಸುವ ಮೊದಲು, ತಿಗರಿ ನಿಧಾನವಾಗಿ ತಿರುಗುತ್ತಿರುವಾಗ, ಬುಡದಿಂದ ಒಂದು ಬೆರಳು ಮೇಲೆ ಹೊರಮೈಗೆ ಸೂಜಿಯ ಮೊನೆ ತಾಗಿಸಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯಬೇಕು. ಬಟ್ಟಲನ್ನು ಬೋರಲು ಹಾಕಿ ತಿರುಗಿಸಿದಾಗ ಈ ಗೆರೆ ಪಕ್ಕಕ್ಕೆ ಓಲಾಡಿದರೆ ಕೇಂದ್ರ ತಪ್ಪಿದೆ ಎಂದರ್ಥ. ಮೇಲೆ ಕೆಳಗೆ ಏರಿಳಿದರೆ ಬಟ್ಟಲು ವಾಲಿದೆ ಎಂದರ್ಥ. ಒಂದೇ ಗೆರೆ ಎರಡೂ ತಪ್ಪನ್ನು ಬೇರೆಬೇರೆಯಾಗಿ ತೋರಿಸುವುದರಿಂದ, ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಗುರುತು ಇನ್ನೊಂದಿಲ್ಲ.

ಅಂಚಿನ ಮೇಲೆ ಕೂರಲಾರದ ಬಟ್ಟಲಿಗೆ ಒಳಗಿನಿಂದ ಆಸರೆ ಬೇಕು. ತಿಗರಿಯ ನಡುವೆ ಮಣ್ಣಿನ ಮುದ್ದೆಯೊಂದನ್ನು ಕೇಂದ್ರಕ್ಕೆ ತಂದು, ಬಟ್ಟಲಿನ ಒಳಬಾಗಿಗೆ ಹೊಂದುವ ಗುಮ್ಮಟದಂತೆ ರೂಪಿಸಿ, ಬಟ್ಟಲಿನಷ್ಟೇ ಗಟ್ಟಿಯಾಗುವವರೆಗೆ ಬಿಡಬೇಕು. ಇದನ್ನೇ ಚಕ್ ಎನ್ನುತ್ತಾರೆ. ಅಂಚು ತಿಗರಿಗೆ ತಾಗದೆ ಗಾಳಿಯಲ್ಲಿ ನಿಲ್ಲುವಷ್ಟು ಅದು ಎತ್ತರವಿರಬೇಕು. ಮಣ್ಣು ಮಣ್ಣಿಗೆ ಅಂಟದಂತೆ ನಡುವೆ ತೆಳುವಾದ ಬಟ್ಟೆ ಹಾಸಬಹುದು. ದಪ್ಪ ಸ್ಪಂಜಿನ ಮೇಲೆ ಕೂರಿಸುವುದೂ ರೂಢಿಯಲ್ಲಿದೆ, ಆದರೆ ಆಳವಾದ ಅಲೆಗಳಿರುವ ಅಂಚಿಗೆ ನಾನು ಅದನ್ನು ನೆಚ್ಚುವುದಿಲ್ಲ: ಮೇಲಿನಿಂದ ಒತ್ತಿದಾಗ ಎತ್ತರದ ಅಲೆಗಳೇ ಭಾರವನ್ನೆಲ್ಲ ಹೊತ್ತು ಬಿರುಕು ಬಿಡುತ್ತವೆ.

ಇನ್ನು ಕೇಂದ್ರಕ್ಕೆ ತರುವುದು. ಕೈಯನ್ನು ಗಟ್ಟಿಯಾಗಿ ಊರಿ, ಸೂಜಿಯನ್ನು ಬುಡದ ಹೊರ ಅಂಚಿಗೆ ಮೆಲ್ಲಗೆ ತಾಗಿಸಿ ತಿಗರಿಯನ್ನು ಒಂದು ಸುತ್ತು ತಿರುಗಿಸಿದರೆ, ಹೆಚ್ಚು ಹೊರಗೆ ಚಾಚಿದ ಬದಿಯಲ್ಲಿ ಮಾತ್ರ ಗೀರು ಬೀಳುತ್ತದೆ. ಗೀರು ಬಿದ್ದ ಕಡೆಯಿಂದ ಒಳಕ್ಕೆ ಅಷ್ಟಷ್ಟೇ ಸರಿಸುತ್ತಾ, ಗೀರು ಸುತ್ತಲೂ ಒಂದೇ ಸಮ ಬೀಳುವವರೆಗೆ ಮುಂದುವರಿಸಬೇಕು. ಮಟ್ಟವನ್ನು ಕಣ್ಣಳತೆಗೆ ಬಿಡದೆ ಬುಡದ ಮೇಲೆ ಚಿಕ್ಕ ರಸಮಟ್ಟವಿಟ್ಟು, ಎರಡು ದಿಕ್ಕಿಗೆ ತಿರುಗಿಸಿ ನೋಡಬೇಕು. ತಿಗರಿಯ ತಟ್ಟೆ ಮಟ್ಟವಾಗಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿರಬೇಕು. ಕಣ್ಣಿಗೆ ನೆಟ್ಟಗೆ ಕಂಡಿತೆಂದು ನಾನು ಹೆರೆಯತೊಡಗಿದ ಒಂದು ಅಂಡಾಕಾರದ ಬಟ್ಟಲಿನಲ್ಲಿ, ಪಾದದ ಉಂಗುರ (ಬಟ್ಟಲು ನಿಲ್ಲುವ ತಳದ ಬಳೆ) ಇನ್ನೂ ಪೂರ್ತಿ ಮೂಡುವ ಮೊದಲೇ ಒಂದು ಬದಿಯ ಮಣ್ಣು ಕಾಗದದಂತಾಗಿ, ಅದರಾಚೆ ಚಕ್ಕಿನ ಬಟ್ಟೆ ಕಾಣಿಸಿತು. ಎದುರು ಬದಿಯಲ್ಲಿ ಬೆರಳು ದಪ್ಪದ ಮಣ್ಣು ಹಾಗೆಯೇ ಉಳಿದಿತ್ತು.

ಚಕ್ ಬಳಸುವವರು ದಪ್ಪವನ್ನು ಮೊದಲೇ ಅಳೆಯಬೇಕಾದ ಕಾರಣವೂ ಇಲ್ಲಿದೆ. ಒಳಗೆ ಟೊಳ್ಳಿರುವ ಬಟ್ಟಲನ್ನು ಬೆರಳಿನಿಂದ ತಟ್ಟಿದರೆ ತಳ ತೆಳುವಾದಂತೆ ಸದ್ದು ಬದಲಾಗುತ್ತದೆ, ಒತ್ತಿದರೆ ಸ್ವಲ್ಪ ಬಾಗುತ್ತದೆ. ಚಕ್ಕಿನ ಮೇಲೆ ತಳಕ್ಕೆ ಆಸರೆಯಿರುವುದರಿಂದ ಈ ಎರಡು ಸೂಚನೆಗಳೂ ಮಂಕಾಗುತ್ತವೆ. ಆದ್ದರಿಂದ ಬೋರಲು ಹಾಕುವ ಮೊದಲು ತಳಕ್ಕೆ ಎರಡು ಮೂರು ಕಡೆ ಸೂಜಿ ಚುಚ್ಚಿ ಅಳತೆ ನೋಡಿ, ರಂಧ್ರಗಳನ್ನು ಮೆತ್ತಿ ಮುಚ್ಚುವುದು ಒಳ್ಳೆಯದು.

ಉಳಿಯ ಅಲಗು ಹರಿತವಾಗಿದ್ದು, ಮಣ್ಣು ಲಾಡಿಯಂತೆ ಉದ್ದುದ್ದ ಸುರುಳಿಯಾಗಿ ಬರುತ್ತಿದ್ದರೆ ಹದ ಸರಿಯಿದೆ. ಪುಡಿ ಉದುರಿದರೆ ಒಣಗಿದೆ, ಅಲಗಿಗೆ ಅಂಟಿದರೆ ಇನ್ನೂ ಹಸಿಯಿದೆ. ಬುಡದಿಂದ ಗೋಡೆಯ ಕಡೆಗೆ ಸಾಗುವಾಗ ಒಂದು ಹಂತದಲ್ಲಿ ಅಲಗು ಕೆಲವೆಡೆ ಮಾತ್ರ ತಾಗಿ ಉಳಿದೆಡೆ ಹಾರತೊಡಗುತ್ತದೆ. ದುಂಡು ಮುಗಿದದ್ದು ಅಲ್ಲಿಗೇ. ಅಲ್ಲಿಂದಾಚೆ ಒತ್ತಡ ಹೆಚ್ಚಿಸಿದರೆ ಉಬ್ಬಿದ ಬದಿಗಳಷ್ಟೇ ಸವೆದು, ಮಾಡಿದ ಆಕಾರವೇ ಅಳಿಯುತ್ತದೆ. ಆದ್ದರಿಂದ ತಿಗರಿ ನಿಲ್ಲಿಸಿ, ಬಾಗನ್ನು ಅನುಸರಿಸುತ್ತಾ ಕೈಯಿಂದಲೇ ಹೆರೆದು, ತಿರುಗಿಸಿ ಹೆರೆದ ಭಾಗದೊಂದಿಗೆ ಕೂಡಿಸಬೇಕು. ಅಂಡಾಕಾರದ ಬಟ್ಟಲಿಗೆ ದುಂಡು ಪಾದ ತೀರ ಕಿರಿದಾದರೆ ಅದು ಉದ್ದದ ದಿಕ್ಕಿಗೆ ಮಗುಚುವ ಸಂಭವವಿರುವುದರಿಂದ, ಪಾದವನ್ನು ತುಸು ಅಗಲವಾಗಿಯೇ ಬಿಟ್ಟು, ಚಕ್ಕಿನಿಂದ ತೆಗೆದು ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿ, ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಅಲುಗಿದರೆ ಪಾದವನ್ನು ತಿದ್ದಲು ಮಣ್ಣಿನಲ್ಲಿ ಆಗಿನ್ನೂ ಹದವಿರುತ್ತದೆ.