ವಾರಸುದಾರರಿಲ್ಲದ ಹೆಣಕ್ಕೆ ಹೆಸರು ಹುಡುಕುವವರು

ಹುಬ್ಬಳ್ಳಿಯಿಂದ ಹೊರಡುವ ದಿನಪತ್ರಿಕೆಗಳ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಆಗಾಗ ಒಂದು ಪುಟ್ಟ ಸುದ್ದಿ ಕಣ್ಣಿಗೆ ಬೀಳುತ್ತದೆ. ರೈಲು ಹಳಿಯ ಪಕ್ಕದಲ್ಲೋ, ಕೆರೆಯಲ್ಲೋ, ಬಸ್ ನಿಲ್ದಾಣದ ಕಟ್ಟೆಯ ಮೇಲೋ ಅಪರಿಚಿತ ವ್ಯಕ್ತಿಯೊಬ್ಬನ ಶವ ಸಿಕ್ಕಿದೆ. ವಯಸ್ಸು ಅಂದಾಜು 45ರಿಂದ 50, ಕೋಲು ಮುಖ, ಎಣ್ಣೆಗಪ್ಪು ಮೈಬಣ್ಣ, ಸಾಧಾರಣ ಮೈಕಟ್ಟು. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು. ದಶಕಗಳಿಂದ ಈ ಒಕ್ಕಣೆ ಬದಲಾಗಿಲ್ಲ. ಕೋಲು ಮುಖ ಮತ್ತು ಸಾಧಾರಣ ಮೈಕಟ್ಟಿನ ನಡುವಯಸ್ಸಿನವರನ್ನು ಹುಡುಕಲು ಹೊರಟರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಸಂಜೆಗೆ ನೂರು ಜನ ಸಿಕ್ಕಾರು. ಉಪಯೋಗಕ್ಕೆ ಬರುವ ಮಾತು ಏನಾದರೂ ಇದ್ದರೆ ಅದು ಸುದ್ದಿಯ ಕೊನೆಯ ಸಾಲಿನಲ್ಲಿರುತ್ತದೆ: ಬಲ ಮುಂಗೈ ಮೇಲೆ ಒಂದು ಹೆಸರಿನ ಹಚ್ಚೆ, ಅಂಗಿಯ ಕೊರಳಪಟ್ಟಿಯಲ್ಲಿ ದರ್ಜಿಯ ಚೀಟಿ, ಸೊಂಟದಲ್ಲಿ ಕೆಂಪು ಉಡದಾರ. ಗುರುತು ಸಿಗದ ಮನುಷ್ಯಾವಶೇಷಗಳಿಗೆ ಹೆಸರು ಹುಡುಕುವ ಹವ್ಯಾಸಿಗಳ ಬಗ್ಗೆ ಜಗತ್ತಿನಾದ್ಯಂತ ಈಗ ಕುತೂಹಲವಿದೆ. ಅವರ ಗೆಲುವುಗಳನ್ನೂ ಸೋಲುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಅವರ ಚಾಣಾಕ್ಷತೆಗಿಂತ ಹೆಚ್ಚಾಗಿ, ಮೊದಲ ದಿನ ಯಾರೋ ಬರೆದಿಟ್ಟ ಇಂಥ ಕೊನೆಯ ಸಾಲೇ ಎಲ್ಲವನ್ನೂ ನಿರ್ಧರಿಸಿದಂತೆ ಕಾಣುತ್ತದೆ.

ಬರೆದಿಡುವ ಈ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲ. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳು 1997ರವರೆಗೂ ಅದೇ ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರ ಸೀಮೆಯಲ್ಲಿ ಹೆಣ ಕಂಡರೆ ಪೊಲೀಸ್ ಪಾಟೀಲನೇ ಪಂಚರನ್ನು ಕರೆದು ವಿಚಾರಣೆ ನಡೆಸಿ ಮೇಲಿನವರಿಗೆ ವರದಿ ಕಳಿಸಬೇಕಿತ್ತು. ಸುತ್ತಲಿನ ಹತ್ತು ಹಳ್ಳಿಗಳ ಮುಖ, ಉಡುಗೆ, ನಡಿಗೆ ಬಲ್ಲ ಪಾಟೀಲನ ಕಣ್ಣಿಗೆ ಅಪರಿಚಿತರು ಎನ್ನುವವರು ಕಡಿಮೆ ಇದ್ದಿರಬೇಕು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯೊಂದಿಗೆ ವಂಶಪಾರಂಪರ್ಯದ ಆ ಹುದ್ದೆಗಳು ಕೊನೆಗೊಂಡವು. ಆ ವ್ಯವಸ್ಥೆಯ ದಬ್ಬಾಳಿಕೆಯನ್ನು ಕಂಡವರು ಅದಕ್ಕಾಗಿ ದುಃಖಪಡಬೇಕಿಲ್ಲ. ಆದರೆ ಊರನ್ನು ಬಾಯಿಪಾಠ ಮಾಡಿಕೊಂಡಿದ್ದ ಕಣ್ಣೊಂದು ಅದರೊಂದಿಗೇ ಹೋಯಿತೆಂಬುದೂ ನಿಜ. ಈಗ ಆ ಕೆಲಸ ಠಾಣೆಯದು. ಅಸಹಜ ಸಾವಿನ ವಿಚಾರಣೆಗೆ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ 174 ಎಂಬ ಕಲಮಿನ ಸಂಖ್ಯೆ 1973ರ ಸಂಹಿತೆಯಲ್ಲೂ ಹಾಗೇ ಉಳಿದು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಾಗಿದೆ. ಠಾಣೆಯವರ ಮಾತಿನಲ್ಲಿ ಅದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. 2025ರಲ್ಲಿ ಕರಾವಳಿಯ ಪ್ರಕರಣವೊಂದರ ಗದ್ದಲದಲ್ಲಿ ಈ ಮೂರಕ್ಷರ ನಾಡಿನಾದ್ಯಂತ ಕೇಳಿಬಂತು. ಆ ಗದ್ದಲ ಈ ಲೇಖನದ ವಿಷಯವಲ್ಲ.

ಯುಡಿಆರ್ ಕಡತದ ದಾರಿ ಅಪರಾಧ ಪ್ರಕರಣದ ದಾರಿಗಿಂತ ಬೇರೆ. ಅದರ ವರದಿ ಹೋಗುವುದು ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರಿಗೆ. ಕೊಲೆಯ ಸಂಶಯ ಇಲ್ಲದಿದ್ದರೆ, ಮರಣೋತ್ತರ ಪರೀಕ್ಷೆ ಮುಗಿದು ಕೆಲವು ದಿನ ಶವಾಗಾರದಲ್ಲಿ ಕಾಯ್ದಿಟ್ಟ ಮೇಲೂ ಯಾರೂ ಬಾರದಿದ್ದರೆ, ಹೆಣವನ್ನು ಸಾಮಾನ್ಯವಾಗಿ ಸುಡದೆ ಹೂಳುತ್ತಾರೆ. ಮುಂದೊಂದು ದಿನ ವಾರಸುದಾರರು ಬಂದರೆ ಹೊರತೆಗೆಯಲು ಬರಲಿ ಎಂಬುದೇ ಇದರ ಉದ್ದೇಶ. ವಾರಸುದಾರರಿಲ್ಲದ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳ ಅಧ್ಯಯನಕ್ಕೆ ಕೊಡಲು 1957ರ ಅಂಗರಚನಾ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು, ಅಂದರೆ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸಂಸ್ಥೆ, ಆರಂಭವಾದದ್ದೂ ಅದೇ ವರ್ಷ.

ಈ ಮೂರು ಜಿಲ್ಲೆಗಳ ಭೂಗೋಳವೂ ಗುರುತಿನ ಕೆಲಸವನ್ನು ಕಠಿಣಗೊಳಿಸುತ್ತದೆ. ಹುಬ್ಬಳ್ಳಿ 2003ರಿಂದ ನೈರುತ್ಯ ರೈಲ್ವೆಯ ಕೇಂದ್ರಸ್ಥಾನ. ಬೆಂಗಳೂರು, ಗೋವಾ, ಸೊಲ್ಲಾಪುರ, ಗುಂತಕಲ್ ಕಡೆಯ ಗಾಡಿಗಳೆಲ್ಲ ಇಲ್ಲಿ ಸೇರುತ್ತವೆ. ಯಲವಿಗಿಯ ಹತ್ತಿರವೋ ಅಣ್ಣಿಗೇರಿಯ ಹತ್ತಿರವೋ ಗಾಡಿಯಿಂದ ಬಿದ್ದವನು ಆ ಊರಿನವನೇ ಆಗಿರಬೇಕೆಂದೇನಿಲ್ಲ, ಕನ್ನಡ ಬಲ್ಲವನೇ ಆಗಿರಬೇಕೆಂದೂ ಇಲ್ಲ. ಹಳಿಯ ಮೇಲಿನ ಸಾವು ರೈಲ್ವೆ ಪೊಲೀಸರ ಕಡತಕ್ಕೆ ಸೇರಿದರೆ, ಅದೇ ಮನುಷ್ಯ ಕಾಣೆಯಾದ ದೂರು ಊರಿನ ಠಾಣೆಯಲ್ಲಿರುತ್ತದೆ. ನದಿಯದು ಇನ್ನೊಂದು ಕಥೆ. ತುಂಗಭದ್ರೆ ರಾಣೆಬೆನ್ನೂರು ಸೀಮೆಯನ್ನು ಹಾಯ್ದು, ಗಳಗನಾಥದ ಬಳಿ ವರದೆಯನ್ನು ಕೂಡಿಕೊಂಡು, ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿಗೆ ಇಳಿಯುತ್ತಾಳೆ. ಆಚೆ ದಂಡೆ ವಿಜಯನಗರ ಜಿಲ್ಲೆಯದು. ಹಾವೇರಿ ಜಿಲ್ಲೆಯಲ್ಲಿ ಹೊಳೆ ಪಾಲಾದವನ ದೇಹ ದಿನಗಳ ನಂತರ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ತೇಲಿದರೆ, ಆ ಹೊತ್ತಿಗೆ ಮುಖ ನೋಡಿ ಗುರುತಿಸುವಂತಿರುವುದಿಲ್ಲ.

ಮುಖ ಅಳಿದ ಮೇಲೆ ಉಳಿಯುವುದು ವಸ್ತುಗಳು. ದರ್ಜಿಯ ಚೀಟಿ ದೀರ್ಘಕಾಲ ಪೊಲೀಸರ ಕೈಹಿಡಿದ ಸಾಧನ; ಅಂಗಡಿಯ ಹೆಸರು ಮತ್ತು ಊರು ಅದರ ಮೇಲೇ ಇರುತ್ತಿದ್ದುದರಿಂದ ಪೇದೆಯೊಬ್ಬ ಬಸ್ಸು ಹತ್ತಿ ಹೋಗಿ ಕೇಳಿದರೆ ಗಿರಾಕಿಯ ಅಳತೆಪುಸ್ತಕವೇ ಹೆಸರು ಹೇಳುತ್ತಿತ್ತು. ಸಿದ್ಧ ಉಡುಪು ಹಳ್ಳಿಯ ಸಂತೆಗೂ ಬಂದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ, ಏಕೆಂದರೆ ಕಂಪನಿಯ ಚೀಟಿ ಲಕ್ಷ ಅಂಗಿಗಳ ಮೇಲೆ ಒಂದೇ. ಹಚ್ಚೆ ಇನ್ನೂ ಮಾತಾಡುತ್ತದೆ. ಕೊರಳಲ್ಲಿ ಶಿವದಾರ, ಕರಡಿಗೆ, ಕಾಲುಂಗುರ, ದೇವರ ಹೆಸರಿನ ತಾಯತ, ಇವೆಲ್ಲ ಸಮುದಾಯವನ್ನೂ ಕೆಲವೊಮ್ಮೆ ಸೀಮೆಯನ್ನೂ ಸೂಚಿಸುತ್ತವೆ. ಆದರೆ ಪಂಚನಾಮೆ ಬರೆಯುವವರು ‘ಕೊರಳಲ್ಲಿ ಒಂದು ದಾರ’ ಎಂದಷ್ಟೇ ಬರೆದು ಮುಗಿಸಿದರೆ ಮುಂದೆ ಅದನ್ನು ಓದುವವರಿಗೆ ಏನೂ ಸಿಗದು.

ಕಾಗದದ ಒಂದು ಚೂರು ಎಷ್ಟು ಮಾತಾಡಬಲ್ಲದೆಂಬುದಕ್ಕೆ 1935ರ ರಕ್ಸ್‌ಟನ್ ಪ್ರಕರಣ ಹಳೆಯ ನಿದರ್ಶನ. ಸ್ಕಾಟ್ಲೆಂಡಿನ ಮೊಫಾಟ್ ಬಳಿಯ ಕಂದರದಲ್ಲಿ ಗುರುತು ಸಿಗದಂತೆ ಕತ್ತರಿಸಿದ ಇಬ್ಬರು ಹೆಂಗಸರ ಅವಶೇಷಗಳು ಸಿಕ್ಕವು. ಸುತ್ತಿದ್ದ ಕಾಗದಗಳಲ್ಲಿ ಒಂದು ಸಂಡೇ ಗ್ರಾಫಿಕ್ ಪತ್ರಿಕೆಯ ಹಾಳೆ. ಅದು ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಹಂಚಿದ್ದ ವಿಶೇಷ ಆವೃತ್ತಿಯದು. ನಮ್ಮ ಪತ್ರಿಕೆಗಳ ಗದಗ ಪುಟ ಹಾವೇರಿಯಲ್ಲಿ ಸಿಗದಂತೆ, ಆ ಹಾಳೆಯೂ ಬೇರೆ ಊರಿನದಾಗುವಂತಿರಲಿಲ್ಲ. ಜಾಡು ಲ್ಯಾಂಕಾಸ್ಟರಿನ ವೈದ್ಯ ಬಕ್ ರಕ್ಸ್‌ಟನ್‌ನ ಮನೆಗೆ ತಲುಪಿತು. ಮುಂಬಯಿಯ ಪಾರ್ಸಿ ಕುಟುಂಬದ ಆತ ಹೆಂಡತಿಯನ್ನೂ ಮನೆಗೆಲಸದವಳನ್ನೂ ಕೊಂದಿದ್ದ. ತಲೆಬುರುಡೆಯ ಛಾಯಾಚಿತ್ರವನ್ನು ಬದುಕಿದ್ದಾಗಿನ ಭಾವಚಿತ್ರದ ಮೇಲೆ ಹೊಂದಿಸಿ ನೋಡುವ ವಿಧಾನ ಪ್ರಸಿದ್ಧವಾದದ್ದು ಆ ವಿಚಾರಣೆಯಿಂದ.

ಅಲ್ಲಿಯವರೆಗೂ, ಆಮೇಲೆ ಬಹುಕಾಲದವರೆಗೂ, ಇದು ಪೊಲೀಸರ ಮತ್ತು ವೈದ್ಯರ ಕೆಲಸವಾಗಿಯೇ ಉಳಿಯಿತು. ಹವ್ಯಾಸಿ ಪ್ರವೇಶಿಸಿದ ಕಥೆ ಅಮೆರಿಕದ ಕೆಂಟಕಿ ರಾಜ್ಯದ್ದು. 1968ರ ಮೇ ತಿಂಗಳಲ್ಲಿ ಜಾರ್ಜ್‌ಟೌನ್ ಊರಿನ ಬಳಿ, ಬಾವಿ ತೋಡುವ ಕಸುಬಿನ ವಿಲ್ಬರ್ ರಿಡಲ್ ಎಂಬಾತನಿಗೆ ಡೇರೆ ಬಟ್ಟೆಯಂಥ ದಪ್ಪ ಬಟ್ಟೆಯಲ್ಲಿ ಸುತ್ತಿದ ಹೆಣವೊಂದು ಸಿಕ್ಕಿತು. ತಜ್ಞರು ವಯಸ್ಸನ್ನು 16ರಿಂದ 19 ಎಂದು ಅಂದಾಜಿಸಿದರು. ಹೆಸರಿಲ್ಲದ ಹೆಣ್ಣುಮಗಳು ‘ಡೇರೆಯ ಹುಡುಗಿ’ ಎಂದೇ ಮಣ್ಣಾದಳು. ಎರಡು ದಶಕಗಳ ನಂತರ ರಿಡಲ್‌ನ ಅಳಿಯ, ಟೆನೆಸಿಯ ಕಾರ್ಖಾನೆ ಕೆಲಸಗಾರ ಟಾಡ್ ಮ್ಯಾಥ್ಯೂಸ್, ಮಾವನ ಬಾಯಲ್ಲಿ ಈ ಕಥೆ ಕೇಳಿ ಅದನ್ನು ತಲೆಗೆ ಹಚ್ಚಿಕೊಂಡ. ಹತ್ತು ವರ್ಷ ಹುಡುಕಿದ. 1998ರ ಆರಂಭದಲ್ಲಿ, ಕಾಣೆಯಾದ ಅಕ್ಕನನ್ನು ಅರಸುತ್ತಿದ್ದ ಹೆಂಗಸೊಬ್ಬಳ ವಿವರ ಅವನ ಕಣ್ಣಿಗೆ ಬಿತ್ತು. ಅದೇ ವರ್ಷ ಗೋರಿ ಅಗೆದು ಡಿಎನ್‌ಎ ಪರೀಕ್ಷಿಸಿದಾಗ ಆಕೆ 1967ರ ಕೊನೆಯಲ್ಲಿ ಲೆಕ್ಸಿಂಗ್ಟನ್‌ನಿಂದ ಕಾಣೆಯಾಗಿದ್ದ ಬಾರ್ಬರಾ ಆ್ಯನ್ ಹ್ಯಾಕ್‌ಮನ್ ಟೇಲರ್ ಎಂದು ಖಚಿತವಾಯಿತು. ಸಾಯುವಾಗ ಆಕೆಗೆ 24 ವರ್ಷ, ಮಗುವಿನ ತಾಯಿ. ಹದಿಹರೆಯದ ಹುಡುಗಿಯನ್ನು ಹುಡುಕುತ್ತಿದ್ದವರಿಗೆ ಆಕೆ ಮೂವತ್ತು ವರ್ಷ ಕಾಣದೇ ಹೋದದ್ದರಲ್ಲಿ ಆಶ್ಚರ್ಯವೇನಿದೆ? ಮ್ಯಾಥ್ಯೂಸ್ ಮಾಡಿದ್ದು ಪತ್ತೇದಾರಿಕೆ ಎನ್ನುವುದಕ್ಕಿಂತ, ತಪ್ಪಾಗಿ ಬರೆದಿಟ್ಟ ವಯಸ್ಸಿನ ಮೇಲೆ ಪೂರ್ತಿ ಭಾರ ಹಾಕದೆ, ಎರಡು ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ತಾಳ್ಮೆ. ಮುಂದೆ ಇಂಥವರು ಡೋ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಬಳಗ ಕಟ್ಟಿದರು. 2009ರ ಹೊತ್ತಿಗೆ ಅಮೆರಿಕದ ಸರ್ಕಾರವೇ ನೇಮಸ್ ಎಂಬ ವ್ಯವಸ್ಥೆಯಲ್ಲಿ ಕಾಣೆಯಾದವರ ಮತ್ತು ಗುರುತು ಸಿಗದವರ ಪಟ್ಟಿಗಳನ್ನು ಜೋಡಿಸಿ, ಸಾರ್ವಜನಿಕರೂ ನೋಡುವಂತೆ ಮಾಡಿತು.

ಡಿಎನ್‌ಎ ಬಂದ ಮೇಲೆ ಅಂದಾಜಿನ ಕಾಟ ಕಡಿಮೆಯಾಯಿತು, ಏಕೆಂದರೆ ಅದು ಬರೆಯುವವನ ಕಣ್ಣನ್ನು ಅವಲಂಬಿಸದ ವಿವರ. 2017ರಲ್ಲಿ ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಮಾರ್ಗರೆಟ್ ಪ್ರೆಸ್ ಆರಂಭಿಸಿದ ಡಿಎನ್‌ಎ ಡೋ ಪ್ರಾಜೆಕ್ಟ್, ಅವಶೇಷದ ಡಿಎನ್‌ಎಯನ್ನು ವಂಶ ತಿಳಿಯಲೆಂದು ಜನ ತಾವಾಗಿಯೇ ಕೊಟ್ಟ ಮಾಹಿತಿಯೊಂದಿಗೆ ಹೋಲಿಸಿ, ದೂರದ ದಾಯಾದಿಗಳನ್ನು ಹಿಡಿದು, ಅಲ್ಲಿಂದ ವಂಶವೃಕ್ಷ ಇಳಿದು ಬಂದು ಹೆಸರು ತಲುಪುವ ವಿಧಾನವನ್ನು ಬಳಸಿತು. 1981ರಲ್ಲಿ ಒಹಾಯೊದಲ್ಲಿ ಸಿಕ್ಕ ಯುವತಿಗೆ 2018ರಲ್ಲಿ ಹೆಸರು ಸಿಕ್ಕಿದ್ದು ಹೀಗೆ. ಆಸ್ಟ್ರೇಲಿಯಾದ ಅಡಿಲೇಡ್ ಬಳಿಯ ಸಾಮರ್ಟನ್ ಕಡಲತೀರದಲ್ಲಿ 1948ರ ಡಿಸೆಂಬರ್ 1ರಂದು ಸಿಕ್ಕ ಗಂಡಸಿನ ಬಟ್ಟೆಗಳಿಂದ ಚೀಟಿಗಳನ್ನೇ ತೆಗೆದುಹಾಕಲಾಗಿತ್ತು. ಪೊಲೀಸರು ಮಾಡಿಸಿಟ್ಟಿದ್ದ ಪ್ಲಾಸ್ಟರ್ ಅಚ್ಚಿನಲ್ಲಿ ಸಿಕ್ಕಿಕೊಂಡಿದ್ದ ಕೂದಲಿನಿಂದ, ವಿಧಿವಿಜ್ಞಾನಿಯಲ್ಲದ ಎಂಜಿನಿಯರಿಂಗ್ ಪ್ರಾಧ್ಯಾಪಕ ಡೆರೆಕ್ ಆ್ಯಬಟ್ ಮತ್ತು ಫಿಟ್ಜ್‌ಪ್ಯಾಟ್ರಿಕ್ 2022ರಲ್ಲಿ ಆತ ಮೆಲ್ಬರ್ನಿನ ಕಾರ್ಲ್ ವೆಬ್ ಎಂದು ಘೋಷಿಸಿದರು.

ಇದೇ ವಿಧಾನ ಹುಬ್ಬಳ್ಳಿಯ ಶವಾಗಾರದಲ್ಲಿ ನಡೆಯುತ್ತದೆಯೇ ಎಂದು ಕೇಳಿದರೆ ಉತ್ತರ ಸರಳವಲ್ಲ. ವಂಶವೃಕ್ಷದ ಮಟ್ಟಿಗೆ ನಾವು ಬಡವರಲ್ಲ. ಎತ್ತಿನ ಮೇಲೆ ಊರೂರಿಗೆ ಬಂದು, ಮನೆತನಗಳ ವಂಶಾವಳಿಯನ್ನು ತಲೆಮಾರುಗಳ ಹಿಂದಿನಿಂದ ಹೇಳುವ ಹೆಳವರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದ್ದಾರೆ. ಯಾವ ಊರಿಂದ ಬಂದವರು, ಯಾರ ಮಗ ಎಲ್ಲಿ ನೆಲೆಸಿದ ಎಂಬ ಲೆಕ್ಕ ಅವರ ಪುಸ್ತಕಗಳಲ್ಲಿದೆ. ಅದು ಹೆಚ್ಚಾಗಿ ಗಂಡುಮಕ್ಕಳ ಸಾಲು ಎಂಬುದು ಕೊರತೆ. ನಿಜವಾದ ತೊಡಕು ಬೇರೆ ಕಡೆ ಇದೆ. ವಂಶ ತಿಳಿಯಲು ಡಿಎನ್‌ಎ ಕೊಟ್ಟವರಲ್ಲಿ ಬಹುಪಾಲು ಯುರೋಪ್ ಮೂಲದವರು, ಆದ್ದರಿಂದ ನಮ್ಮವನ ದಾಯಾದಿ ಅಲ್ಲಿ ಸಿಗುವುದು ಕಷ್ಟ. ಜೊತೆಗೆ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ತಲೆಮಾರುಗಳಿಂದ ನಡೆದಿರುವ ಕಡೆ ರಕ್ತಸಂಬಂಧದ ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡು, ಮೂರನೆಯ ಸಾಲಿನ ದಾಯಾದಿಯೂ ಹತ್ತಿರದವನಂತೆ ಕಾಣುತ್ತಾನೆ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಹೆಣದ ಡಿಎನ್‌ಎಯನ್ನು ಕಾಣೆಯಾದವರ ತಂದೆತಾಯಿ, ಮಕ್ಕಳ ಡಿಎನ್‌ಎಯೊಂದಿಗೆ ನೇರವಾಗಿ ಹೋಲಿಸಿದರೆ ಸಾಕು. ಅದಕ್ಕೆ ಬೇಕಾದದ್ದು ಎರಡೂ ಕಡೆಯ ಮಾದರಿಗಳ ವಿವರ ಒಂದೇ ಕಡೆ ಹೋಲಿಸಲು ಸಿಗುವಂತಿರುವುದು. ಲೋಕನೀತಿ ಫೌಂಡೇಶನ್ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇದನ್ನೇ ಕೇಳಿತ್ತು. ದೇಶದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಅನಾಥ ಶವಗಳು ಸಿಗುತ್ತವೆ ಎಂದು ಅದರಲ್ಲಿ ಹೇಳಲಾಗಿತ್ತು. ಕಾನೂನು ತರುವುದಾಗಿ ಕೇಂದ್ರ ಸರ್ಕಾರ ತಿಳಿಸಿದ್ದರಿಂದ 2018ರಲ್ಲಿ ಅರ್ಜಿ ಇತ್ಯರ್ಥವಾಯಿತು. 2019ರಲ್ಲಿ ಲೋಕಸಭೆಗೆ ಬಂದ ಡಿಎನ್‌ಎ ಮಸೂದೆಯಲ್ಲಿ ಕಾಣೆಯಾದವರಿಗೆ ಒಂದು, ಅಪರಿಚಿತ ಮೃತರಿಗೆ ಒಂದು ಪ್ರತ್ಯೇಕ ಸೂಚಿಗಳಿದ್ದವು. ಶಂಕಿತರ ಮತ್ತು ವಿಚಾರಣಾಧೀನ ಕೈದಿಗಳ ಮಾಹಿತಿಯೂ ಅದೇ ಮಸೂದೆಯಲ್ಲಿ ಸೇರಿಕೊಂಡಿದ್ದರಿಂದ ಖಾಸಗಿತನದ ಆಕ್ಷೇಪಗಳೆದ್ದವು, ಅವುಗಳಲ್ಲಿ ಹುರುಳೂ ಇತ್ತು. 2023ರ ಜುಲೈನಲ್ಲಿ ಮಸೂದೆಯನ್ನು ಹಿಂಪಡೆಯಲಾಯಿತು. ಸತ್ತವರ ಸೂಚಿಯನ್ನು ಶಂಕಿತರ ಸೂಚಿಯಿಂದ ಬೇರ್ಪಡಿಸಿ ತಂದಿದ್ದರೆ ಅದಕ್ಕೆ ಯಾರೂ ಅಡ್ಡಬರುತ್ತಿರಲಿಲ್ಲವೇನೋ. ಆಧಾರ್ ಬೆರಳಚ್ಚಿನಿಂದ ಪತ್ತೆಹಚ್ಚಬಹುದಲ್ಲ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಆಧಾರ್ ಸಂಖ್ಯೆ ಗೊತ್ತಿದ್ದರೆ ಅದರೊಂದಿಗೆ ಬೆರಳಚ್ಚನ್ನು ತಾಳೆ ನೋಡಬಹುದೇ ಹೊರತು, ಬರೀ ಬೆರಳಚ್ಚಿನಿಂದ ಕೋಟ್ಯಂತರ ಜನರಲ್ಲಿ ಒಬ್ಬನನ್ನು ಹುಡುಕುವುದು ತಾಂತ್ರಿಕವಾಗಿ ಸಾಧ್ಯವಿಲ್ಲ ಎಂದು ಪ್ರಾಧಿಕಾರ 2018ರಲ್ಲಿ ದೆಹಲಿ ಹೈಕೋರ್ಟಿಗೆ ತಿಳಿಸಿತು.

ಹಾಗಾಗಿ ನಮ್ಮಲ್ಲಿ ಹವ್ಯಾಸಿಯ ಪಾಲಿಗೆ ಉಳಿದಿರುವುದು ಕಣ್ಣು ಮತ್ತು ಬರಹ. ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ 2009ರಲ್ಲಿ ಮಂಜೂರಾತಿ ಸಿಕ್ಕು, ಅಪರಿಚಿತ ಶವಗಳ ವಿವರವನ್ನು ಸಾಮಾನ್ಯ ನಾಗರಿಕರೂ ಹುಡುಕುವ ಅವಕಾಶ ಬಂದಿದೆ. ಆದರೆ ಆ ಪಟ್ಟಿಯಲ್ಲೂ ‘ಸಾಧಾರಣ ಮೈಕಟ್ಟು’ ಎಂದೇ ನಮೂದಾದರೆ ಹುಡುಕುವವನು ಮತ್ತೆ ದುರ್ಗದಬೈಲಿಗೇ ಬಂದು ನಿಲ್ಲುತ್ತಾನೆ. ಹೆಣದ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುವುದನ್ನೇ ಪತ್ತೇದಾರಿಕೆ ಎಂದುಕೊಂಡವರು ಬೇರೆ ಇದ್ದಾರೆ. ಊಟದ ಹೊತ್ತಿಗೆ ಮೊಬೈಲ್ ತೆರೆದ ತಾಯಿಗೆ ಮಗನ ಮುಖ ಹಾಗೆ ಎದುರಾಗಬಾರದು, ಆತ ಮಗನೇ ಅಲ್ಲ ಎಂದು ನಂತರ ತಿಳಿಯುವುದೂ ಸಣ್ಣ ಹಿಂಸೆಯಲ್ಲ. ಹೋಲಿಕೆ ಕಂಡರೆ ಅದನ್ನು ಕುಟುಂಬಕ್ಕಲ್ಲ, ಠಾಣೆಗೆ ತಿಳಿಸಬೇಕೆಂಬುದು ಈ ಕೆಲಸದಲ್ಲಿ ಪಳಗಿದವರ ಮೊದಲ ನಿಯಮ.

2023ರ ಜನವರಿಯಲ್ಲಿ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಶಂಕುಸ್ಥಾಪನೆಯಾಯಿತು. ಅಲ್ಲಿ ಕಲಿತವರ ಕೈಗೆ ಮೂಳೆಯೊಂದು ಬಂದರೆ ಲಿಂಗ, ವಯಸ್ಸು, ಎತ್ತರ ಹೇಳುತ್ತಾರೆ. ಅದರಾಚೆಗೆ ಹೆಸರು ಬೇಕೆಂದರೆ ಕಾಣೆಯಾದವನ ದೂರಿನಲ್ಲಿ ಬಾಲ್ಯದಲ್ಲಿ ಮುರಿದ ಮುಂಗೈ, ಕಟ್ಟಿಸಿಕೊಂಡ ಹಲ್ಲು, ಹಚ್ಚೆಯ ಅಕ್ಷರ ದಾಖಲಾಗಿರಬೇಕು. ಅದು ದಾಖಲಾಗದ ಮನೆಗಳಲ್ಲಿ ಏಳು ವರ್ಷ ಕಾಯುತ್ತಾರೆ. ಅಷ್ಟು ಕಾಲ ಸುಳಿವೇ ಇಲ್ಲದವನನ್ನು ಸತ್ತನೆಂದು ಭಾವಿಸಬಹುದೆಂಬ ನಿಯಮ ಹಿಂದಿನ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನಲ್ಲಿತ್ತು, ಹೊಸ ಅಧಿನಿಯಮದಲ್ಲಿ 111ನೆಯದಾಗಿದೆ. ಅಲ್ಲಿಯವರೆಗೆ ಹೊಲದ ಉತಾರದಲ್ಲಿ ಅವನ ಹೆಸರೇ ಇರುತ್ತದೆ, ವಾರಸಾ ಅರ್ಜಿ ಮರಣ ಪ್ರಮಾಣಪತ್ರ ಇಲ್ಲವೆಂದು ಹಿಂದಕ್ಕೆ ಬರುತ್ತದೆ. ಪಕ್ಕದ ಜಿಲ್ಲೆಯ ಯುಡಿಆರ್ ಕಡತದಲ್ಲಿ ಅವನೇ ಅಂದಾಜು 45 ವರ್ಷದ ಅಪರಿಚಿತ ಗಂಡಸಾಗಿ ಮಲಗಿರಲೂ ಸಾಕು.