ಟ್ರೆಮೊಲೊ ಪೆಡಲ್ ಟಕ್ ಟಕ್ ಅನ್ನೋದು ಯಾಕೆ?

ಪ್ರಶ್ನೆ: 9 ವೋಲ್ಟಿನ ಟ್ರೆಮೊಲೊ ಪೆಡಲ್ ಮನೆಯಲ್ಲೇ ಕಟ್ಟಿದ್ದೇನೆ. ಗಿಟಾರ್ ನುಡಿಸದೆ ಸುಮ್ನೆ ಕೂತಿದ್ದರೂ, ಎಲ್‌ಇಡಿ ಮಿನುಗಿದ ಹಾಗೆಲ್ಲ ಆಂಪ್‌ನಲ್ಲಿ ಟಕ್ ಟಕ್ ಕೇಳುತ್ತದೆ. ಐಸಿ ಬದಲಾಯಿಸಬೇಕಾ?
– ಓದುಗರೊಬ್ಬರು, ವಿರಾಜಪೇಟೆ

ಐಸಿ ತರಲು ಮೈಸೂರು ಬಸ್ ಹತ್ತುವ ಮೊದಲು ಗ್ರೌಂಡ್ ವೈರ್ ನೋಡಿ.

ಟ್ರೆಮೊಲೊ ಪೆಡಲ್‌ನಲ್ಲಿ ಗಿಟಾರ್ ಸದ್ದನ್ನು ಏರಿಸಿ ಇಳಿಸುವ ಆಸಿಲೇಟರ್ (ಅಲೆ ಹುಟ್ಟಿಸುವ ಸರ್ಕ್ಯೂಟ್) ಸೆಕೆಂಡಿಗೆ ಕೆಲವೇ ಸಲ ತಿರುಗುತ್ತದೆ. ಅಷ್ಟು ನಿಧಾನದ ಅಲೆ ಕಿವಿಗೆ ಕೇಳೋದೇ ಇಲ್ಲ. ಕೇಳುವುದು ಅದು ಫಟ್ಟನೆ ಮಗುಚುವ ಕ್ಷಣ. ಬೋರ್‌ವೆಲ್ ಮೋಟರ್ ಶುರುವಾದಾಗ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಹಾಗೇ ಇಲ್ಲೂ ಒಂದು ಭಾಗ ಎಳೆದ ಕರೆಂಟಿನ ಏಟು ಪಕ್ಕದ ಭಾಗಕ್ಕೆ ಬೀಳುತ್ತದೆ.

ಮಿನುಗುವ ಎಲ್‌ಇಡಿಗೆ 470 ಓಮ್ ರೆಸಿಸ್ಟರ್ ಹಾಕಿದ್ದರೆ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ. ಅದು ವಾಪಸ್ ಹೋಗುವ ಗ್ರೌಂಡ್ ವೈರಿನಲ್ಲಿ ಬರೀ 0.05 ಓಮ್ ಇದ್ದರೂ 0.75 ಮಿಲಿವೋಲ್ಟ್ ಹುಟ್ಟುತ್ತದೆ. ಅಷ್ಟೇನಾ ಅನ್ನಬೇಡಿ. ಮುಂದೆ ನೂರು ಪಟ್ಟು ಹೆಚ್ಚಿಸುವ ಡಿಸ್ಟಾರ್ಷನ್ ಇದ್ದರೆ ಅದೇ 75 ಮಿಲಿವೋಲ್ಟ್!

ಹಾಗಾಗಿ ಆಸಿಲೇಟರ್ ಮತ್ತು ಎಲ್‌ಇಡಿಯ ಗ್ರೌಂಡನ್ನು ಬೇರೆ ವೈರಿನಲ್ಲಿ ನೇರವಾಗಿ ಪವರ್ ಜ್ಯಾಕಿಗೇ ಒಯ್ಯಿರಿ. ಗಿಟಾರ್ ಸದ್ದಿನ ಗ್ರೌಂಡಿಗೆ ದಾರಿಯಲ್ಲೆಲ್ಲೂ ಅದು ಸೇರಬಾರದು. ಅರ್ಧ ಟಕ್ ಟಕ್ ಇಲ್ಲೇ ಹೋಗುವುದುಂಟು. ಆಮೇಲೆ ಆಸಿಲೇಟರ್‌ಗೆ ಹೋಗುವ ಪ್ಲಸ್ ವೈರಿಗೆ 100 ಓಮ್ ರೆಸಿಸ್ಟರ್ ಸೇರಿಸಿ, ಅದರ ಆಚೆ ತುದಿಯಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಮಗುಚುವಾಗ ಬೇಕಾದ ಕರೆಂಟನ್ನು ಕೆಪಾಸಿಟರೇ ಕೊಡುತ್ತದೆ. ಎಲ್‌ಇಡಿ ಬರೀ ನೋಡೋಕಾದರೆ 470 ತೆಗೆದು 2.2 ಕಿಲೋಓಮ್ ಹಾಕಿ. ಬೆಳಕು ಸ್ವಲ್ಪ ಕಮ್ಮಿ, ಅಷ್ಟೇ. ಸ್ಪೀಡ್ ಪಾಟಿನ (ವೇಗ ಬದಲಿಸುವ ನಾಬ್) ವೈರುಗಳನ್ನು ಇನ್‌ಪುಟ್ ವೈರಿನಿಂದ ದೂರ ಇಡಿ.

ಇಷ್ಟಾದರೂ ನಿಲ್ಲದಿದ್ದರೆ, ನಿಮ್ಮದು ಎಲ್‌ಡಿಆರ್ (ಬೆಳಕು ಬಿದ್ದಾಗ ತಡೆ ಕಮ್ಮಿಯಾಗುವ ರೆಸಿಸ್ಟರ್) ಇರುವ ಪೆಡಲ್ ಆಗಿದ್ದರೆ, ಅದರ ಒಂದು ಕಾಲು ಬಿಚ್ಚಿ ಕೇಳಿ. ಸದ್ದು ಹಾಗೇ ಇದ್ದರೆ ಪವರ್, ಗ್ರೌಂಡ್ ಅಥವಾ ವೈರಿಂಗಿನ ತಂಟೆಯೇ. ನಿಂತುಹೋದರೆ ಎಲ್‌ಡಿಆರ್ ಮೇಲೆ ಡಿಸಿ ವೋಲ್ಟೇಜ್ ಕೂತಿರಬಹುದು. ಮೀಟರ್ ಹಿಡಿದು ನೋಡಿ, ಇದ್ದರೆ ನಡುವೆ ಕೆಪಾಸಿಟರ್ ಹಾಕಿ ತಡೆಯಿರಿ. ಈ ಪರೀಕ್ಷೆಗೆ ಹೊಸ ಬ್ಯಾಟರಿಯೇ ಬಳಸಿ. ಸೋತ ಬ್ಯಾಟರಿಯಲ್ಲಿ ಟಕ್ ಟಕ್ ಇನ್ನೂ ಜಾಸ್ತಿ.

ನಮ್ಮ ಕೊಡಗಿನ ಮಳೆಗಾಲದಲ್ಲಿ ಬೇರೆ ಸದ್ದುಗಳೂ ಇರ್ತವೆ. ತೇವಕ್ಕೆ ಪಾಟ್, ಜ್ಯಾಕ್ ಕರಕರ ಅನ್ನಬಹುದು. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದರೆ ಗುಂಯ್ ಅನ್ನಬಹುದು. ಅವು ಎಲ್‌ಇಡಿ ತಾಳಕ್ಕೆ ಬರೋದಿಲ್ಲ, ಈ ರಿಪೇರಿಗೆ ಹೋಗೋದೂ ಇಲ್ಲ.

ಐಸಿ ವಿಷಯ ಕೊನೆಗೆ. ಆಸಿಲೇಟರ್‌ನಲ್ಲಿ ಟಿಎಲ್072 ಅನ್ನೋ ಐಸಿ ಇದ್ದರೆ ಅದೇ ಜಾಗಕ್ಕೆ ಟಿಎಲ್062 ಕೂರುತ್ತದೆ, ಕಾಲುಗಳೂ ಅವೇ. ಅದರೊಳಗಿನ ಒಂದೊಂದು ಆಂಪ್ಲಿಫೈಯರ್‌ಗೆ ಸುಮಾರು 1.4 ಮಿಲಿಆಂಪಿಯರ್ ಬದಲು 0.2 ಸಾಕು, ಹಾಗಾಗಿ ಏಟೂ ಕಮ್ಮಿ. ಗಿಟಾರ್ ಸದ್ದು ಹಾಯುವ ಕಡೆ ಮಾತ್ರ 062 ಬೇಡ, ಅದರದ್ದೇ ಸುಯ್ ಸದ್ದು ಹೆಚ್ಚು.